ಸ್ವಿಫ್ಟ್‌ಗೆ ಗಡಸು ಸದ್ದು ಬೇಕು: ಏರ್ ಇಂಟೇಕ್ ಬದಲಿಸಲಾ?

ಪ್ರಶ್ನೆ: ನನ್ನದು 2018ರ ಪೆಟ್ರೋಲ್ ಸ್ವಿಫ್ಟ್. 61 ಸಾವಿರ ಕಿಲೋಮೀಟರ್ ಓಡಿದೆ. ಪಡುಬಿದ್ರಿಯಿಂದ ಮಂಗಳೂರಿಗೆ ದಿನಾ ಅದರಲ್ಲೇ ಹೋಗಿ ಬರುತ್ತೇನೆ. ಗಾಡಿ ಚೆನ್ನಾಗಿದೆ, ಸದ್ದು ಮಾತ್ರ ಮಿಕ್ಸಿ ತಿರುಗಿದ ಹಾಗೆ. ನನ್ನ ಗೆಳೆಯ ಅವನ ಪೋಲೊ 1.0 ಟಿಎಸ್‌ಐಗೆ ಕೋನ್ ಫಿಲ್ಟರ್ (ಡಬ್ಬ ಇಲ್ಲದ, ಶಂಕುವಿನ ಆಕಾರದ ಏರ್ ಫಿಲ್ಟರ್) ಹಾಕಿಸಿದ್ದಾನೆ. ಆಕ್ಸಿಲರೇಟರ್ ಒತ್ತಿದರೆ ‘ಸುಯ್ಯ್’ ಅಂತ ಎಳೆಯುತ್ತದೆ, ಬಿಟ್ಟರೆ ‘ಪಿಶ್ಶ್’ ಅನ್ನುತ್ತದೆ. ನನಗೂ ಅಂಥ ಸದ್ದು ಬೇಕು. ಒಂದು ಅಂಗಡಿಯಲ್ಲಿ ಬಂಪರ್ ಒಳಗಿನಿಂದ ಗಾಳಿ ಎಳೆಯುವ ‘ಕೋಲ್ಡ್ ಏರ್’ ಕಿಟ್ ತೋರಿಸಿದರು. 14 ಸಾವಿರ ರೂಪಾಯಿ. ಹತ್ತು ಎಚ್‌ಪಿ ಜಾಸ್ತಿ ಆಗುತ್ತದೆ, ಮೈಲೇಜೂ ಏರುತ್ತದೆ ಅಂದರು. ಆನ್‌ಲೈನ್‌ನಲ್ಲಿ 1,500ಕ್ಕೂ ಕೋನ್ ಫಿಲ್ಟರ್ ಸಿಗುತ್ತದೆ. ಅಪ್ಪ ಮಾತ್ರ, ಇದೆಲ್ಲ ಹಾಕಿದರೆ ಮಳೆಗಾಲದಲ್ಲಿ ನೀರು ನುಗ್ಗಿ ಎಂಜಿನ್ ಹಾಳಾಗುತ್ತದೆ ಅನ್ನುತ್ತಿದ್ದಾರೆ. ಯಾರ ಮಾತು ಕೇಳಲಿ? ಯಾವುದನ್ನು ಹಾಕಿಸಲಿ?

ಉತ್ತರ: ಸದ್ದು ಬೇಕು ಅಂತ ನೇರವಾಗಿ ಕೇಳಿದ್ದೀರಿ, ಸಂತೋಷ. ನನ್ನ ವರ್ಕ್‌ಶಾಪಿಗೆ ಇಂಟೇಕ್, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ದಾರಿಯ ವಿಚಾರ ಹಿಡಿದು ಬರುವವರಲ್ಲಿ ಹೆಚ್ಚಿನವರು ‘ಪಿಕಪ್ ಕಮ್ಮಿ ಆಗಿದೆ’ ಅಂತ ಶುರು ಮಾಡುತ್ತಾರೆ. ಒಂದು ಚಾ ಕುಡಿದು ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ, ಅವರಿಗೂ ಬೇಕಿರುವುದು ಸದ್ದೇ. ನಾಚಿಕೆ ಪಡುವಂಥದ್ದು ಏನೂ ಇಲ್ಲ ಮಾರಾಯ್ರೆ. ನಾನೂ ಹುಡುಗನಾಗಿದ್ದಾಗ ಬೈಕಿನ ಏರ್ ಫಿಲ್ಟರ್ ಡಬ್ಬಕ್ಕೆ ಡ್ರಿಲ್ ಇಟ್ಟು ತೂತು ಕೊರೆದವನೇ. ಸದ್ದು ಬಂತು. ಗಾಡಿ ಮಾತ್ರ ಅಲ್ಲಿಂದ ಮುಂದೆ ಸರಿಯಾಗಿ ಓಡಲಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಒಟ್ಟಿಗೆ ಸೇರಿಕೊಂಡಿವೆ. ಗೆಳೆಯನ ಕಾರಿನ ಸದ್ದು ನಿಮ್ಮ ಕಾರಿಗೆ ಬರುತ್ತದಾ? ಬರುವುದಿಲ್ಲ. ಅಂಗಡಿಯವರು ಹೇಳಿದ ಪವರ್, ಮೈಲೇಜ್ ನಿಜವಾ? ಹೆಚ್ಚುಕಮ್ಮಿ ಸುಳ್ಳು. ಎಂಜಿನ್ ಹಾಳಾಗುತ್ತದಾ? ಅದು ಯಾವ ಕಿಟ್ ಅನ್ನುವುದರ ಮೇಲೆ ಹೋಗುತ್ತದೆ. ಆ ಬಂಪರ್ ಕಿಟ್ ಆದರೆ ನಿಮ್ಮ ಅಪ್ಪ ಹೇಳಿದ್ದೇ ಸರಿ.

ಮೊದಲು ಪೋಲೊ ವಿಷಯ. ಅದರಲ್ಲಿ ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬಿಸುವ ಪಂಪು ಉಂಟು, ನಿಮ್ಮದರಲ್ಲಿ ಇಲ್ಲ. ಟರ್ಬೊ ಒಳಗಿನ ಸಣ್ಣ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಆ ‘ಸುಯ್ಯ್’ ಅದರದ್ದು. ಕಾಲು ತೆಗೆದಾಗ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಮುಚ್ಚಿಕೊಳ್ಳುತ್ತದೆ. ಒತ್ತಿ ತುಂಬಿಸಿದ ಗಾಳಿಗೆ ಹೋಗಲು ಜಾಗ ಇರುವುದಿಲ್ಲ. ಆಗ ಒಂದು ವಾಲ್ವ್ ತೆರೆದು ಆ ಗಾಳಿಯನ್ನು ಟರ್ಬೊದ ಹಿಂದಕ್ಕೆ ಬಿಡುತ್ತದೆ. ‘ಪಿಶ್ಶ್’ ಅದೇ. ಕಂಪನಿಯ ಫಿಲ್ಟರ್ ಡಬ್ಬ ಇದ್ದಾಗಲೂ ಈ ಎರಡು ಸದ್ದು ಇದ್ದೇ ಇರುತ್ತವೆ, ಡಬ್ಬ ಅದನ್ನು ಒಳಗೇ ನುಂಗುತ್ತದೆ. ಕೋನ್ ಫಿಲ್ಟರ್ ಹಾಕಿದಾಗ ಮುಚ್ಚಳ ತೆಗೆದ ಹಾಗೆ ಆಗುತ್ತದೆ, ಅಷ್ಟೇ. ಇಲ್ಲದ ಟರ್ಬೊವನ್ನು ಯಾವ ಫಿಲ್ಟರೂ ಕೂಗಿಸಲಾರದು. ‘ಪಿಶ್ಶ್’ ಅನ್ನಿಸಲು ಬೇರೆಯೇ ಎಲೆಕ್ಟ್ರಾನಿಕ್ ಡಬ್ಬಿ ಮಾರುತ್ತಾರೆ, ಸ್ಪೀಕರ್ ಸಮೇತ. ಅದರ ಬಗ್ಗೆ ನನ್ನನ್ನು ಕೇಳಬೇಡಿ.

ಹಾಗಾದರೆ ನಿಮ್ಮ ಸ್ವಿಫ್ಟ್ ಹೊರಗೆ ಕೊಡಬಹುದಾದ ಸದ್ದು ಯಾವುದು? ಗಾಳಿ ಎಳೆಯುವ ಸದ್ದು. ಪಿಸ್ಟನ್ ಕೆಳಗೆ ಇಳಿದಾಗಲೆಲ್ಲ ಒಂದು ಗುಟುಕು ಗಾಳಿ ಒಳಗೆ ಹೋಗುತ್ತದೆ, ಅದರ ಹಿಂದೆ ಒಂದು ಒತ್ತಡದ ಅಲೆ ಕೊಳವೆಯಲ್ಲಿ ವಾಪಸ್ ಬರುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಇಂಥ ಎರಡು ಗುಟುಕು. 3,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು, 100 ಗುಟುಕು. 6,000ದಲ್ಲಿ 200. ಚಂಡೆಯವರು ಒಂದೊಂದೇ ಪೆಟ್ಟಿನಿಂದ ಶುರು ಮಾಡಿ ವೇಗ ಏರಿಸುತ್ತಾ ಹೋದ ಹಾಗೆ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗುಡುಗಿನ ಹಾಗೆ ಕೇಳುತ್ತದಲ್ವಾ, ಹಾಗೆ. ಗೆಳೆಯನ ಕಾರಿನಲ್ಲಿ ಸಿಲಿಂಡರ್ ಮೂರೇ. 3,000ದಲ್ಲಿ ಸೆಕೆಂಡಿಗೆ 75 ಗುಟುಕು. ಅದಕ್ಕೇ ಅದರ ಸದ್ದು ನಿಮ್ಮದಕ್ಕಿಂತ ಸ್ವಲ್ಪ ದಪ್ಪ. ಇದನ್ನೂ ಫಿಲ್ಟರ್ ಬದಲಿಸಿ ಸರಿ ಮಾಡಲು ಆಗುವುದಿಲ್ಲ.

ಕಂಪನಿಯವರು ಈ ಸದ್ದನ್ನು ಬೇಕಂತಲೇ ಅಡಗಿಸಿರುತ್ತಾರೆ. ನಮ್ಮ ದೇಶದ ನಿಯಮದ ಪ್ರಕಾರ ಕಾರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಾದುಹೋಗುವಾಗ ಏಳೂವರೆ ಮೀಟರ್ ಆಚೆ ಇಟ್ಟ ಮೈಕಿನಲ್ಲಿ 74 ಡೆಸಿಬೆಲ್ ಮೀರಬಾರದು. ಸೈಲೆನ್ಸರ್ ಒಂದೇ ಇಷ್ಟು ಮಾಡಲಾರದು. ಹಾಗಾಗಿ ಗಾಳಿ ಒಳಗೆ ಹೋಗುವ ದಾರಿಯಲ್ಲೂ ಅಡ್ಡ ಕಟ್ಟಿರುತ್ತಾರೆ. ಬಾನೆಟ್ ಎತ್ತಿ ನೋಡಿದರೆ ಹೆಚ್ಚಿನ ಕಾರುಗಳಲ್ಲಿ ಗಾಳಿಯ ಕೊಳವೆಗೆ ಅಂಟಿಕೊಂಡು ಒಂದು ಖಾಲಿ ಪ್ಲಾಸ್ಟಿಕ್ ಡಬ್ಬ ಕಾಣುತ್ತದೆ. ಒಳಗೆ ಏನೂ ಇಲ್ಲ. ಇದು ಯಾಕೆ ಅಂತ ಮೆಕ್ಯಾನಿಕ್‌ಗಳೇ ಎಷ್ಟೋ ಸಲ ಕೇಳುತ್ತಾರೆ. ಅದು ರೆಸೊನೇಟರ್. ಖಾಲಿ ಸೋಡಾ ಬಾಟಲಿಯ ಬಾಯಿಗೆ ತುಟಿ ಇಟ್ಟು ಊದಿ, ‘ಭೂಂ’ ಅಂತ ಒಂದೇ ಸ್ವರ ಬರುತ್ತದೆ. ಬಾಟಲಿಯ ಹೊಟ್ಟೆ, ಕುತ್ತಿಗೆಯ ಉದ್ದ, ಬಾಯಿಯ ಅಗಲ ನೋಡಿ ಸ್ವರ. ಈ ಡಬ್ಬವೂ ಹಾಗೆಯೇ ಒಂದು ಸ್ವರಕ್ಕೆ ಅಳತೆ ಮಾಡಿದ್ದು. ಕೊಳವೆಯಲ್ಲಿ ಆ ಸ್ವರ ಬಂದಾಗ ಇದು ಎದುರು ಅಲೆ ಎಬ್ಬಿಸಿ ಅದನ್ನು ಕೊಂದು ಹಾಕುತ್ತದೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೆಸರಿನಲ್ಲೇ ಇದನ್ನು ಕರೆಯುವುದು. ಹೊರಗಿನ ಅಂಗಡಿಯ (ಆಫ್ಟರ್‌ಮಾರ್ಕೆಟ್) ಇಂಟೇಕ್ ಹಾಕಿದಾಗ ಕೇಳುವ ಹೊಸ ಸದ್ದು ನಿಜವಾಗಿ ಹೊಸದಲ್ಲ. ಇಷ್ಟು ದಿನ ಈ ಡಬ್ಬ ಮುಚ್ಚಿಟ್ಟದ್ದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಇಂಟೇಕ್ ಸದ್ದು ಕೇಳುವುದು ಥ್ರಾಟಲ್ ಅಗಲವಾಗಿ ತೆರೆದಾಗ ಮಾತ್ರ. ಎಂಜಿನ್ ಮತ್ತು ಫಿಲ್ಟರ್ ನಡುವೆ ಥ್ರಾಟಲ್ ತಟ್ಟೆ ಒಂದು ಬಾಗಿಲಿನ ಹಾಗೆ ನಿಂತಿದೆ. ಅರ್ಧ ಕಾಲು ಇಟ್ಟು ಹೋಗುವಾಗ ಆ ಬಾಗಿಲು ಮುಚ್ಚಿದ್ದೇ ಜಾಸ್ತಿ, ಸದ್ದೂ ಆಚೆಯೇ ಉಳಿಯುತ್ತದೆ. ಪಂಪ್‌ವೆಲ್‌ನಲ್ಲಿ ಬಸ್ಸಿನ ಹಿಂದೆ ತೆವಳುವಾಗ ನಿಮ್ಮದು ಅದೇ ಮಿಕ್ಸಿ. ಮೂಲ್ಕಿ ದಾಟಿ ಲಾರಿಯನ್ನು ಹಿಂದೆ ಹಾಕಲು ಮೂರನೇ ಗೇರ್‌ಗೆ ಇಳಿಸಿ ಪೂರ್ತಿ ಒತ್ತಿದಾಗ, ಅದೂ 3,500 ದಾಟಿದ ಮೇಲೆ, ಆ ಗಡಸು ದನಿ ಏಳುತ್ತದೆ. ದಿನದಲ್ಲಿ ಅಂಥ ಗಳಿಗೆ ಎಷ್ಟು ಅಂತ ನೀವೇ ಒಂದು ವಾರ ಎಣಿಸಿ ನೋಡಿ. ಹಾಕಿಸಿಕೊಂಡು ಹೋದ ಒಬ್ಬರು ಮೂರೇ ದಿನಕ್ಕೆ ಬಂದು ‘ಅಣ್ಣಾ, ಇದು ಕೆಲಸವೇ ಮಾಡುವುದಿಲ್ಲ’ ಅಂದರು. ಅವರು ಓಡಿಸುತ್ತಿದ್ದದ್ದು ಹಂಪನಕಟ್ಟೆಯಿಂದ ಕಂಕನಾಡಿವರೆಗೆ.

ಈಗ ಹತ್ತು ಎಚ್‌ಪಿ ಲೆಕ್ಕ. ನಿಮ್ಮ ಎಂಜಿನ್ 1,197 ಸಿಸಿ, ಕಂಪನಿ ಹೇಳುವುದು 83 ಎಚ್‌ಪಿ. 6,000 ಆರ್‌ಪಿಎಂನಲ್ಲಿ ಅದು ಎಳೆಯುವ ಗಾಳಿ ಸೆಕೆಂಡಿಗೆ ಹೆಚ್ಚೆಂದರೆ 60 ಲೀಟರ್, ಅಂದರೆ ನಾಲ್ಕು ಕೊಡ. ಇಷ್ಟು ಗಾಳಿ ಬಿಡಲು ಕಂಪನಿಯ ಫಿಲ್ಟರ್ ಏನೂ ಒದ್ದಾಡುವುದಿಲ್ಲ. ಹೊರಗಿನ ಗಾಳಿಯ ಒತ್ತಡ ನಮ್ಮ ಕರಾವಳಿಯಲ್ಲಿ ಸುಮಾರು 101 ಕಿಲೋಪಾಸ್ಕಲ್. ಫಿಲ್ಟರ್, ಕೊಳವೆ ಎಲ್ಲ ದಾಟುವಾಗ ಅದರಲ್ಲಿ ಕಳೆದುಹೋಗುವುದು ಸಾಮಾನ್ಯವಾಗಿ ಎರಡೋ ಮೂರೋ. ಆ ಅಡ್ಡಿಯನ್ನು ನೀವು ಪೂರ್ತಿ ಕಿತ್ತೆಸೆದರೂ, ಅಂದರೆ ಫಿಲ್ಟರೇ ಇಲ್ಲದೆ ಓಡಿಸಿದರೂ, ಸಿಗುವುದು ಎರಡು ಮೂರು ಪರ್ಸೆಂಟ್. 83ರಲ್ಲಿ ಎರಡು ಚಿಲ್ಲರೆ ಎಚ್‌ಪಿ. ಹತ್ತು ಎಲ್ಲಿಂದ ಬರಬೇಕು?

ಇದನ್ನು ನನ್ನ ಮಾತು ಅಂತ ನಂಬಬೇಕಿಲ್ಲ. ಒಂದು ಒಬಿಡಿ ಡಾಂಗಲ್ (ಎಂಜಿನ್ ಕಂಪ್ಯೂಟರಿನ ಮಾಹಿತಿಯನ್ನು ಫೋನಿಗೆ ಕಳಿಸುವ ಸಣ್ಣ ಸಾಧನ) ತಂದು ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ. ಫೋನಿನಲ್ಲಿ ಮ್ಯಾನಿಫೋಲ್ಡ್ ಪ್ರೆಶರ್, ಅಂದರೆ ಥ್ರಾಟಲ್ ದಾಟಿ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಆ್ಯಪ್ ಹಾಕಿ. ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಒಮ್ಮೆ ನೋಡಿ, ಸುಮಾರು 100 ತೋರಿಸುತ್ತದೆ. ಆಮೇಲೆ ಖಾಲಿ ರಸ್ತೆಯಲ್ಲಿ ಪೂರ್ತಿ ಒತ್ತಿ ಹೋಗುವಾಗ ಪಕ್ಕದಲ್ಲಿ ಕೂತವರು ನೋಡಲಿ. 96, 97 ಬಂದರೆ ನೀವು ಗೆಲ್ಲಬಹುದಾದದ್ದು ಬಾಕಿ ಉಳಿದ ಆ ಮೂರು ನಾಲ್ಕು ಮಾತ್ರ. ಅದರಲ್ಲೂ ಒಂದು ಪಾಲು ಥ್ರಾಟಲ್ ಕೂತಿರುವ ಭಾಗದ್ದು. ಫಿಲ್ಟರ್ ಮುಟ್ಟಿದರೆ ಅದು ಸಿಗುವುದಿಲ್ಲ.

ಮೈಲೇಜ್ ಅಂತೂ ಕೇಳಲೇಬೇಡಿ. ಮಾಮೂಲಿ ಓಡಾಟದಲ್ಲಿ ಗಾಳಿಗೆ ಅಡ್ಡ ನಿಂತಿರುವುದು ಥ್ರಾಟಲ್. ನೀವು ಕಾಲಿನಲ್ಲಿ ಬೇಕಂತಲೇ ಅಡ್ಡ ಹಾಕಿದ ಗಾಳಿಗೆ ಫಿಲ್ಟರ್ ಸಡಿಲ ಮಾಡಿ ಪ್ರಯೋಜನ ಏನು?

ಇಲ್ಲಿಂದ ಮುಂದೆ ನಮ್ಮ ಊರಿನ ವಿಷಯ. ಹೊರದೇಶದವರ ವಿಡಿಯೋ ನೋಡಿ ಕಿಟ್ ಆರಿಸುವವರಿಗೆ ಅವರ ಊರು ಬೇರೆ, ನಮ್ಮ ಊರು ಬೇರೆ ಅನ್ನುವುದು ಮರೆತುಹೋಗುತ್ತದೆ.

ಕಿಟ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಶಾರ್ಟ್ ರಾಮ್. ಕಂಪನಿಯ ಡಬ್ಬ ತೆಗೆದು, ಗಿಡ್ಡ ಕೊಳವೆ ಹಾಕಿ, ಬಾನೆಟ್ ಒಳಗೇ ಕೋನ್ ಫಿಲ್ಟರ್ ಬಿಗಿಯುವುದು. ಇದಕ್ಕೆ ಸದ್ದು ಜಾಸ್ತಿ. ತೊಂದರೆ ಎಂದರೆ ಎಂಜಿನ್ ತನ್ನದೇ ಬಿಸಿಯನ್ನು ತಾನೇ ಉಸಿರಾಡುತ್ತದೆ. ಹೊರಗೆ 32 ಡಿಗ್ರಿ ಇದ್ದಾಗ ಟ್ರಾಫಿಕ್‌ನಲ್ಲಿ ನಿಂತ ಕಾರಿನ ಬಾನೆಟ್ ಒಳಗೆ 60 ದಾಟುವುದು ದೊಡ್ಡ ವಿಷಯವಲ್ಲ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಮೂರು ಪರ್ಸೆಂಟ್ ತೆಳ್ಳಗಾಗುತ್ತದೆ. 30 ಡಿಗ್ರಿಗೆ ಒಂಬತ್ತು ಹತ್ತು ಪರ್ಸೆಂಟ್. ಎರಡು ಎಚ್‌ಪಿ ಗಳಿಸಲು ಹೋಗಿ ಸಿಗ್ನಲ್‌ನಿಂದ ಹೊರಡುವಾಗ ಏಳು ಎಚ್‌ಪಿ ಕಳೆದುಕೊಂಡ ಹಾಗೆ. ಹೆದ್ದಾರಿಯಲ್ಲಿ ಗಾಳಿ ಆಡಿದ ಮೇಲೆ ಇದು ಸರಿಹೋಗುತ್ತದೆ, ನಿಜ. ಆದರೂ ಹೊಗೆ ಕೊಳವೆಯ ಕಡೆಗೆ ಒಂದು ಹೀಟ್ ಶೀಲ್ಡ್ (ಬಿಸಿ ತಡೆಯುವ ಅಡ್ಡತಟ್ಟೆ) ಇಲ್ಲದ ಶಾರ್ಟ್ ರಾಮ್ ಹಾಕಿಸಬೇಡಿ. ಅಂದ ಹಾಗೆ ನಮ್ಮ ಕಡೆಯ ಸೆಖೆಯೇ ಸ್ವಲ್ಪ ಪವರ್ ತಿನ್ನುತ್ತದೆ. 32 ಡಿಗ್ರಿ, 80 ಪರ್ಸೆಂಟ್ ತೇವ ಇದ್ದರೆ ಎಳೆದ ಗಾಳಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಪರ್ಸೆಂಟ್ ಬರೀ ನೀರಾವಿ. ಡಿಸೆಂಬರ್ ಬೆಳಿಗ್ಗೆ ಕಾರು ಚುರುಕಾಗಿದೆ ಅಂತ ಅನ್ನಿಸುವುದು ಸುಮ್ನೆ ಅಲ್ಲ.

ಎರಡನೆಯದು ನಿಮಗೆ ತೋರಿಸಿದ ಕೋಲ್ಡ್ ಏರ್ ಕಿಟ್. ಉದ್ದ ಕೊಳವೆ, ಫಿಲ್ಟರ್ ಕೆಳಗೆ ಬಂಪರ್ ಒಳಗೆ, ಮಂಜುದೀಪದ ಪಕ್ಕ. ತಣ್ಣಗಿನ ಗಾಳಿ ಸಿಗುತ್ತದೆ, ಸದ್ದೂ ಸ್ವಲ್ಪ ದಪ್ಪ ಬರುತ್ತದೆ. ಪುಸ್ತಕದ ಪ್ರಕಾರ ಇದೇ ಒಳ್ಳೆಯದು. ಆದರೆ ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್ ಫ್ಲೈಓವರ್ ಕೆಳಗೆ, ಉಡುಪಿಯ ಕಲ್ಸಂಕದಲ್ಲಿ ಒಂದು ಗಂಟೆ ಜೋರಾಗಿ ಹೊಡೆದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಕೆಲವು ಮಳೆಗಾಲದ ಹಿಂದೆ ಅಂಥದ್ದೊಂದು ಕಾರು ಟೋ ಆಗಿ ನಮ್ಮಲ್ಲಿಗೆ ಬಂತು. ಚಾಲಕ ಹುಷಾರಿನವರೇ. ನೀರು ಟಯರಿನ ಅರ್ಧಕ್ಕಿಂತ ಕಮ್ಮಿ ಇತ್ತು, ಮೊದಲ ಗೇರ್‌ನಲ್ಲಿ ನಿಧಾನ ಹೋಗುತ್ತಿದ್ದರು. ಎದುರಿನಿಂದ ಬಂದ ಬಸ್ಸು ಎಬ್ಬಿಸಿದ ಅಲೆ ಬಂಪರಿಗೆ ಬಡಿಯಿತು. ಎಂಜಿನ್ ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ಒಂದು ದಿನದ ಕೆಲಸದಲ್ಲಿ ಮುಗಿಯುತ್ತಿತ್ತೇನೋ. ಹಿಂದಿನವರು ಹಾರ್ನ್ ಹಾಕಿದರು, ಇವರು ಗಾಬರಿಯಲ್ಲಿ ಎರಡು ಸಲ ಕೀ ತಿರುಗಿಸಿದರು. ಎರಡನೇ ಸಲ ‘ಟಕ್’ ಅಂತ ಕೇಳಿತಂತೆ. ನಾವು ಬಿಚ್ಚಿದಾಗ ಫಿಲ್ಟರ್ ಹಿಂಡಿದರೆ ಕೆಸರು ನೀರು ಸುರಿಯುತ್ತಿತ್ತು. ಮೂರನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್, ಅಂದರೆ ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಜೋಡಿಸುವ ಕಡ್ಡಿ, ನೇಂದ್ರ ಬಾಳೆಕಾಯಿಯ ಹಾಗೆ ಬಾಗಿತ್ತು. ಅದನ್ನು ಈಗಲೂ ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ಬಿಲ್ಲುಗಳು ಹಾರದ ಹಾಗೆ ಭಾರಕ್ಕೆ.

ಎಷ್ಟು ನೀರು ಬೇಕು ಇದಕ್ಕೆ? ನಿಮ್ಮ ಕಾರಿನದ್ದೇ ಲೆಕ್ಕ ಹಾಕಿ. ಒಂದು ಸಿಲಿಂಡರ್ ಸುಮಾರು 299 ಸಿಸಿ. ಕಂಪ್ರೆಷನ್ 11ಕ್ಕೆ 1ರ ಆಸುಪಾಸು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 30 ಮಿಲಿಲೀಟರ್. ಕೆಮ್ಮಿನ ಔಷಧದ ಮುಚ್ಚಳದಲ್ಲಿ ಮೂರು ಮುಚ್ಚಳ ನೀರು! ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಪಿಸ್ಟನ್ ಅಲ್ಲೇ ನಿಲ್ಲುತ್ತದೆ, ಕೆಳಗಿನ ಕ್ರ್ಯಾಂಕ್ ತಿರುಗುತ್ತಲೇ ಇರುತ್ತದೆ, ನಡುವೆ ಸಿಕ್ಕಿದ ರಾಡ್ ಬಾಗುತ್ತದೆ. ಕಂಪನಿಯವರು ಗಾಳಿಯ ಬಾಯಿಯನ್ನು ರೇಡಿಯೇಟರ್ ಮೇಲ್ಗಡೆ ಇಟ್ಟಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ನಿಮ್ಮ ಅಪ್ಪನಿಗೆ ಈ ಲೆಕ್ಕ ಓದಿ ಹೇಳಿ, ಖುಷಿಯಾಗುತ್ತದೆ. ಮತ್ತೆ, ಯಾವ ಇಂಟೇಕ್ ಇದ್ದರೂ ಸರಿ, ನೀರಿನಲ್ಲಿ ಕಾರು ನಿಂತರೆ ಕೀ ಮುಟ್ಟಬೇಡಿ. ತಳ್ಳಿ ಬದಿಗೆ ಹಾಕಿ.

ಆ ಕಾರಿನವರಿಗೆ ವಿಮೆಯ ದುಡ್ಡೂ ಬರಲಿಲ್ಲ. ಮಾಮೂಲಿ ಪಾಲಿಸಿಯಲ್ಲಿ ನೀರು ಎಳೆದು ಎಂಜಿನ್ ಹಾಳಾದರೆ ಕೊಡುವುದಿಲ್ಲ, ಅದಕ್ಕೆ ‘ಎಂಜಿನ್ ಪ್ರೊಟೆಕ್ಟ್’ ಅಂತ ಬೇರೆ ಕಟ್ಟಬೇಕು. ಕಟ್ಟಿದ್ದರೂ ಹೇಳದೆ ಮಾಡಿದ ಮಾರ್ಪಾಡು ಕಂಡರೆ ನಷ್ಟ ಅಳೆಯಲು ಬರುವ ವಿಮೆಯ ಸರ್ವೇಯರ್ ಮುಖ ಗಂಟು ಹಾಕುತ್ತಾರೆ.

ನೀರಿನಷ್ಟು ಗಲಾಟೆ ಮಾಡದೆ ಎಂಜಿನ್ ತಿನ್ನುವುದು ಧೂಳು. ಒಬ್ಬ ಗಿರಾಕಿ ತಾನಾಗಿಯೇ ಸಂತೋಷದಿಂದ ಬಂದಿದ್ದರು. ‘ಸರ್ವಿಸ್ ಆದಮೇಲೆ ಕಾರಿನ ಸದ್ದು ಭಾರೀ ಚೆನ್ನಾಗಿದೆ, ಹೀಗೇ ಇರಲಿ’ ಅಂದರು. ಬಾನೆಟ್ ಎತ್ತಿದೆ. ಯಾರೋ ಏರ್ ಫಿಲ್ಟರ್ ಬದಲಿಸುವಾಗ ಡಬ್ಬದ ಒಂದು ಕ್ಲಿಪ್ ಹಾಕದೆ ಬಿಟ್ಟಿದ್ದರು. ಮುಚ್ಚಳ ಒಂದು ಬದಿ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ಹೋಸ್ ಬಿಚ್ಚಿ ಥ್ರಾಟಲ್ ಬಾಯಿಯ ಒಳಗೆ ಬೆರಳು ಸವರಿದೆ. ಮುರಕಲ್ಲಿನ ಕೆಂಪು ಹುಡಿ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಹಾಗೆ. ಎರಡು ಬೆರಳ ನಡುವೆ ಉಜ್ಜಿದರೆ ಕರಕರ ಅನ್ನುತ್ತಿತ್ತು. ಆ ಕರಕರ ಸಿಲಿಂಡರ್ ಗೋಡೆಯ ಮೇಲೆ ಆರು ತಿಂಗಳು ನಡೆದಿತ್ತು. ಕ್ಲಿಪ್ ಹಾಕಿದ ಕೂಡಲೇ ಅವರ ಇಷ್ಟದ ಸದ್ದು ಹೋಯಿತು. ಸ್ವಲ್ಪ ಬೇಜಾರು ಮಾಡಿಕೊಂಡೇ ಹೋದರು.

ನಿಮ್ಮ 1,500 ರೂಪಾಯಿಯ ಕೋನ್ ಫಿಲ್ಟರ್‌ನಲ್ಲಿ ನನಗಿರುವ ಹೆದರಿಕೆ ಇದೇ. ಅಂಗಡಿಯಲ್ಲಿ ಕೈಗೆ ಸಿಕ್ಕಿದರೆ ಬಿಸಿಲಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಕಂಡರೆ ಧೂಳೂ ಅಲ್ಲಿಂದಲೇ ನುಗ್ಗುತ್ತದೆ. ತಳದ ರಬ್ಬರ್ ಮತ್ತು ಜಾಲರಿ ಸೇರುವ ಕಡೆ ಅಂಟು ಬಿಟ್ಟಿರುತ್ತದೆ. ಸಮುದ್ರದ ಗಾಳಿಗೆ ಆ ತಂತಿ ಜಾಲರಿ ಒಂದೇ ವರ್ಷದಲ್ಲಿ ತುಕ್ಕು ಹಿಡಿದು ಚೂರು ಉದುರಿಸುವುದನ್ನೂ ನೋಡಿದ್ದೇನೆ. ಆ ಚೂರು ಹೋಗುವುದು ಒಳಗೇ. ಇನ್ನೊಂದು ಸಣ್ಣ ವಿಷಯ: ಎಂಜಿನ್ ಒಳಗಿನ ಆಯಿಲ್ ಆವಿಯನ್ನು ಹೊರಗೆ ಬಿಡುವ ಬ್ರೀದರ್ ಹೋಸ್ ಮೇಲ್ಗಡೆಯಿಂದ ಬಂದು ಕಂಪನಿಯ ಕೊಳವೆಗೆ ಸೇರಿರುತ್ತದೆ. ಅಗ್ಗದ ಕಿಟ್‌ನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಫಿಟ್ಟರ್ ಅದರ ಬಾಯಿಗೆ ನಿಂಬೆಹಣ್ಣಿನಷ್ಟು ಫಿಲ್ಟರ್ ಸಿಕ್ಕಿಸಿ ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಎಸಿ ಹಾಕಿದಾಗಲೆಲ್ಲ ಕಾರಿನೊಳಗೆ ಸುಟ್ಟ ಆಯಿಲ್ ವಾಸನೆ.

ಹೆಸರಿರುವ ಕಂಪನಿಗಳ ಫಿಲ್ಟರ್ ಈ ವಿಷಯದಲ್ಲಿ ಎಷ್ಟೋ ಮೇಲು. ಕೆ ಅಂಡ್ ಎನ್, ಬಿಎಂಸಿ ಇಂಥವರದ್ದು ಎಣ್ಣೆ ಹಾಕಿದ ಹತ್ತಿಯ ಫಿಲ್ಟರ್, ತೊಳೆದು ಮತ್ತೆ ಬಳಸಬಹುದು. ಕೆ ಅಂಡ್ ಎನ್‌ನವರು 50 ಸಾವಿರ ಮೈಲಿ, ಅಂದರೆ 80 ಸಾವಿರ ಕಿಲೋಮೀಟರ್‌ವರೆಗೂ ತೊಳೆಯದೆ ಓಡಿಸಬಹುದು ಅನ್ನುತ್ತಾರೆ. ಅದು ಅಮೆರಿಕದ ಹೆದ್ದಾರಿಯ ಮಾತು. ಬೈಕಂಪಾಡಿಯಲ್ಲಿ ಲಾರಿಗಳ ಹಿಂದೆ ದಿನಾ ಹೋಗುವ ನೀವು ಪ್ರತಿ ಸರ್ವಿಸ್‌ಗೂ ತೆಗೆದು ನೋಡಬೇಕು. ತೊಳೆದ ಮೇಲೆ ಎಣ್ಣೆ ಹಾಕುವುದರಲ್ಲಿ ಹೆಚ್ಚಿನವರು ತಪ್ಪುತ್ತಾರೆ. ತಲೆಗೆ ಎಣ್ಣೆ ಹಚ್ಚಿದ ಹಾಗೆ ಸುರಿಯುತ್ತಾರೆ. ಕೆಲವು ಕಾರುಗಳಲ್ಲಿ ಫಿಲ್ಟರ್ ದಾಟಿದ ಕೂಡಲೇ ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುತ್ತದೆ, ಕೂದಲೆಳೆಯಷ್ಟು ತೆಳು ಬಿಸಿ ತಂತಿ. ಜಾಸ್ತಿಯಾದ ಎಣ್ಣೆ ಹೋಗಿ ಅದಕ್ಕೆ ಅಂಟಿದರೆ ಲೆಕ್ಕ ತಪ್ಪುತ್ತದೆ. ಐಡ್ಲಿಂಗ್ ನಡುಗುತ್ತದೆ, ಚೆಕ್ ಎಂಜಿನ್ ಲೈಟ್ ಬರುತ್ತದೆ. ಸ್ಕ್ಯಾನರ್‌ನಲ್ಲಿ ಪಿ0101 ಅಥವಾ ಪಿ0171 ಅನ್ನುವ ದೋಷದ ಕೋಡ್ ಕಂಡರೆ ಮೊದಲು ನೋಡುವುದು ಇದನ್ನೇ. ನಿಮ್ಮ ಕಾರಿನಲ್ಲಿ ಈ ಸೆನ್ಸರ್ ಉಂಟಾ ಅಂತ ಫಿಲ್ಟರ್ ಡಬ್ಬದ ಹೊರಬಾಯಿ ನೋಡಿದರೆ ಗೊತ್ತಾಗುತ್ತದೆ, ವಯರ್ ಹೋದ ಸಣ್ಣ ಕಪ್ಪು ಸಾಕೆಟ್. ಅದು ಇದ್ದರೆ, ಅಳತೆ ಬೇರೆ ಇರುವ ಕೊಳವೆ ಹಾಕುವುದೂ ತೊಂದರೆಯೇ. ಕೊಳವೆ ಅಗಲವಾದರೆ ಅದೇ ಗಾಳಿ ನಿಧಾನವಾಗಿ ಹಾದುಹೋಗುತ್ತದೆ, ಸೆನ್ಸರ್ ‘ಗಾಳಿ ಕಮ್ಮಿ’ ಅನ್ನುತ್ತದೆ, ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಪೆಟ್ರೋಲ್ ಕಮ್ಮಿ ಬಿಡುತ್ತದೆ. ನಿಮ್ಮ ಮಾಡೆಲ್‌ಗೆ ಅಂತಲೇ ಮಾಡಿದ ಕಿಟ್ ಬೇಕು ಅನ್ನುವುದು ಅದಕ್ಕೇ. ‘ಎಲ್ಲ ಕಾರಿಗೂ ಆಗುತ್ತದೆ’ ಅಂದರೆ ಯಾವ ಕಾರಿಗೂ ಸರಿಯಾಗಿ ಆಗುವುದಿಲ್ಲ.

ಕಾನೂನು ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಸದ್ದಿನ ಮಿತಿ ಮೀರಿದರೆ ಬೇರೆ ಸೆಕ್ಷನ್, ದಂಡ 10 ಸಾವಿರದವರೆಗೆ. ಕಂಪನಿಯ ಡಬ್ಬದೊಳಗೆ ಬೇರೆ ಫಿಲ್ಟರ್ ಹಾಕುವುದನ್ನು ಯಾರೂ ಕೇಳುವುದಿಲ್ಲ, ಅದು ಸವೆಯುವ ವಸ್ತು. ಡಬ್ಬವನ್ನೇ ತೆಗೆದರೆ ಉತ್ತರ ಕೊಡಬೇಕಾದವರು ನೀವು, ಅಂಗಡಿಯವರಲ್ಲ. ಸೈಲೆನ್ಸರ್ ಬದಲಿಸುವ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ಅದು ಅರ್ಧ ಕಿಲೋಮೀಟರ್ ದೂರದ ಪೊಲೀಸರಿಗೂ ಕೇಳುತ್ತದೆ, ಪಕ್ಕದ ಮನೆಯ ಮಗುವಿಗೂ ಕೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ನಾನಾಗಿದ್ದರೆ ಏನು ಮಾಡುತ್ತಿದ್ದೆ?

ಮೊದಲು ದುಡ್ಡಿಲ್ಲದ ಒಂದು ಪರೀಕ್ಷೆ. ಮಳೆ ಇಲ್ಲದ ದಿನ, ಬೆಳಿಗ್ಗೆ ಬೇಗ, ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ. ಮುಂಭಾಗದಿಂದ ಫಿಲ್ಟರ್ ಡಬ್ಬಕ್ಕೆ ಗಾಳಿ ತರುವ ಪ್ಲಾಸ್ಟಿಕ್ ಕೊಳವೆ ಒಂದು ಉಂಟಲ್ಲ, ಅದನ್ನು ಮಾತ್ರ ಬಿಚ್ಚಿ ಪಕ್ಕಕ್ಕಿಡಿ. ಫಿಲ್ಟರ್ ಮತ್ತು ಎಂಜಿನ್ ನಡುವಿನ ಹೋಸ್ ಮುಟ್ಟಬೇಡಿ. ಈಗಲೂ ಗಾಳಿ ಫಿಲ್ಟರ್ ದಾಟಿಯೇ ಹೋಗುತ್ತದೆ, ಧೂಳಿನ ಹೆದರಿಕೆ ಇಲ್ಲ. ಖಾಲಿ ಹೆದ್ದಾರಿಯಲ್ಲಿ ಕಿಟಕಿ ಇಳಿಸಿ, ಎರಡನೇ ಗೇರ್‌ನಲ್ಲಿ 2,500ರಿಂದ 5,000ದವರೆಗೆ ಪೂರ್ತಿ ಒತ್ತಿ. ಕಿಟ್ ಹಾಕಿದರೆ ಬರುವ ಸದ್ದಿನ ಅರ್ಧ ಅಲ್ಲೇ ಕೇಳುತ್ತದೆ. ಆಮೇಲೆ ಕಿಟಕಿ ಏರಿಸಿ ಇನ್ನೊಮ್ಮೆ ಮಾಡಿ. ಎಸಿ ಹಾಕಿ ಕೂತಾಗ ಎಷ್ಟು ಉಳಿಯುತ್ತದೆ ಅಂತ ಗೊತ್ತಾಗಲಿ. ಕೊಳವೆಯನ್ನು ಅದೇ ದಿನ ವಾಪಸ್ ಹಾಕಿಬಿಡಿ. ನೂರು ಜನ ಹೀಗೆ ಕೇಳಿ ನೋಡಿದರೆ ಐವತ್ತು ಜನಕ್ಕೆ ‘ಇಷ್ಟೇನಾ’ ಅನ್ನಿಸುತ್ತದೆ ಅಂತ ನನ್ನ ಅಂದಾಜು. ನಿಮಗೂ ಹಾಗೆ ಅನ್ನಿಸಿದರೆ 14 ಸಾವಿರ ಉಳಿಯಿತು.

ಕಾರಿನ ಒಳಗೆ ಕೇಳುವ ಸದ್ದು, ಹೊರಗಿನ ಸದ್ದು ಬೇರೆ ಬೇರೆ ಅನ್ನುವುದು ದೊಡ್ಡ ಕಂಪನಿಗಳಿಗೂ ಗೊತ್ತು. ಟೊಯೊಟಾ 86ರಲ್ಲಿ ಇಂಟೇಕ್‌ನಿಂದ ಒಂದು ಕೊಳವೆ ಚಾಲಕನ ಕಡೆಗೆ ಬರುತ್ತದೆ, ನಡುವೆ ಒಂದು ತೆಳು ಪರದೆ. ಗಾಳಿ ಬರುವುದಿಲ್ಲ, ಸದ್ದು ಮಾತ್ರ ಬರುತ್ತದೆ. ಫೋರ್ಡ್‌ನವರೂ ಹಾಗೆ ಮಾಡಿದ್ದಾರೆ. ಬಿಎಂಡಬ್ಲ್ಯು ಎಂ5 ಒಂದು ತಲೆಮಾರಿನಲ್ಲಿ ಎಂಜಿನ್ ಸದ್ದನ್ನು ಸ್ಪೀಕರಿನಲ್ಲೇ ಹಾಕಿತು. ಕೋಟಿ ಬೆಲೆಯ ಕಾರಿನವರೇ ಸದ್ದಿಗೆ ಇಷ್ಟು ಕಸರತ್ತು ಮಾಡುವಾಗ ನೀವು ಸ್ವಿಫ್ಟ್‌ನಲ್ಲಿ ಆಸೆಪಟ್ಟದ್ದು ತಪ್ಪಲ್ಲ.

ಪರೀಕ್ಷೆಯ ಸದ್ದು ಇಷ್ಟವಾಗಿ, ಕಾನೂನಿನ ಭಾಗವನ್ನೂ ಓದಿ, ಆದರೂ ಬೇಕೇ ಬೇಕು ಅಂತಾದರೆ, ಬಂಪರ್ ಕಿಟ್ ಬೇಡ. ನಿಮ್ಮ ಮಾಡೆಲ್‌ಗೆ ಅಂತ ಮಾಡಿದ, ಹೀಟ್ ಶೀಲ್ಡ್ ಇರುವ, ಬ್ರೀದರ್ ಹೋಸ್‌ಗೆ ಜಾಗ ಇರುವ ಒಳ್ಳೆಯ ಕಂಪನಿಯ ಶಾರ್ಟ್ ರಾಮ್ ಇರಲಿ. ಫಿಲ್ಟರ್ ಕಂಪನಿಯ ಡಬ್ಬ ಇದ್ದ ಎತ್ತರಕ್ಕಿಂತ ಕೆಳಗೆ ಬರಬಾರದು. ಕ್ಲಾಂಪ್‌ಗಳು ಸ್ಟೇನ್‌ಲೆಸ್ ಸ್ಟೀಲಿನದ್ದೇ ಬೇಕು, ಮಾಮೂಲಿಯದ್ದು ನಮ್ಮ ಉಪ್ಪುಗಾಳಿಗೆ ಬಾಳುವುದಿಲ್ಲ. ಹಾಕಿದ ಒಂದು ವಾರಕ್ಕೆ ಮತ್ತೆ ಬಿಚ್ಚಿ, ಥ್ರಾಟಲ್ ಬಾಯಿಯ ಒಳಗೆ ಬಿಳಿ ಬಟ್ಟೆ ಸವರಿ ನೋಡಿ. ಕೆಂಪು ಬಂದರೆ ಅವತ್ತೇ ತೆಗೆಸಿ.

ಮತ್ತೆ ಅದನ್ನು ದೀಪಾವಳಿ ಕಳೆದು ಹಾಕಿಸಿ, ಮೇ ಕೊನೆಗೆ ತೆಗೆಸಿ. ಮನೆಗೆ ಮಳೆಗಾಲಕ್ಕೆ ಮೊದಲು ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ವಾ, ಹಾಗೆ ಕಾರಿಗೆ ಕಂಪನಿಯ ಡಬ್ಬ. ಅರ್ಧ ಗಂಟೆಯ ಕೆಲಸ. ನಮ್ಮಲ್ಲಿ ನಾಲ್ಕೈದು ಜನ ಹೀಗೇ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಾರೆ.

ಹಾಗಾಗಿ ಹಳೆಯ ಡಬ್ಬ, ಕೊಳವೆ, ರೆಸೊನೇಟರ್, ಬೋಲ್ಟುಗಳ ಸಮೇತ ಅಂಗಡಿಯಿಂದ ಕೇಳಿ ಮನೆಗೆ ತನ್ನಿ. ಅಟ್ಟದಲ್ಲಿ ಇಡುವಾಗ ಎರಡೂ ಬಾಯಿಗೆ ಬಟ್ಟೆ ಸುತ್ತಿ ಗಟ್ಟಿ ಕಟ್ಟಿ. ಒಬ್ಬರು ಕಟ್ಟದೆ ಇಟ್ಟಿದ್ದರು. ಜೂನ್ ಮೊದಲ ವಾರ ಹಾಕಲು ತೆಗೆದಾಗ ಡಬ್ಬದ ಒಳಗೆ ತೆಂಗಿನ ನಾರಿನ ಹಾಸಿಗೆ, ಅದರ ಮೇಲೆ ಕಣ್ಣು ಬಿಡದ ಐದು ಇಲಿಮರಿ.